ಮೋಟರಿನ ವಿಷಯ

ಮಾತಾಡಲು ಬಾಯಿ ತೆರೆಯುವ ಮೊದಲು ಅವರ ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗೆ ಬರುತ್ತಿತ್ತು. ಸಪೂರ ಕುತ್ತಿಗೆ, ಅದರಲ್ಲಿ ಎದ್ದು ಕಾಣುವ ಆ ಮಣಿ. ಶರ್ಟಿನ ಮೇಲಿನ ಗುಂಡಿಯನ್ನು ಅವರು ಎಂದೂ ಹಾಕಿಕೊಂಡವರಲ್ಲ. ಹಾಗಾಗಿ ಎದುರು ಕುಳಿತವರ ಕಣ್ಣು ಬೇಡವೆಂದರೂ ಅಲ್ಲಿಗೇ ಹೋಗುತ್ತಿತ್ತು. ಫೋನ್ ರಿಂಗಾದರೆ ಕುರ್ಚಿಯಿಂದ ಎದ್ದೇ ಮಾತಾಡುತ್ತಿದ್ದರು. ಕುಳಿತು ಮಾತಾಡಿದರೆ ಆ ಕಡೆಯವನಿಗೆ ನಾವು ಸೋಮಾರಿಗಳೆಂದು ಗೊತ್ತಾಗುತ್ತದೆ ಎಂಬುದು ಅವರ ನಂಬಿಕೆ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಪೆನ್ನು. ಹೆಬ್ಬೆರಳಿನಿಂದ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯುತ್ತಿದ್ದರು. ಆ ಟಿಕ್ ಟಿಕ್ ಶಬ್ದಕ್ಕೆ ನನಗೆ ತಲೆ ಕೆಡುತ್ತಿತ್ತು. ಒಮ್ಮೆ ಹೇಳಿಯೂ ಬಿಟ್ಟೆ. ನೀನು ಬಾಯಿ ನಿಲ್ಲಿಸಿದ ದಿನ ನಾನು ಮುಚ್ಚಳ ನಿಲ್ಲಿಸುತ್ತೇನೆ ಎಂದರು. ಎರಡೂ ನಿಲ್ಲಲಿಲ್ಲ.

ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ರಕ್ತಸಂಬಂಧ ಏನೂ ಇಲ್ಲ. ಅವರು ಕಾಪುವಿನ ಕಡಲ ಬದಿಯ ಮೊಗವೀರರು, ನಾನು ಬೆಳ್ಮಣ್ಣಿನ ಬ್ಯಾರಿ ಮನೆಯವಳು. ಕಾರ್ಕಳದಲ್ಲಿ ಬಿ.ಕಾಂ. ಮುಗಿಸಿ ಮಣಿಪಾಲದ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪೆನಿಗೆ ಸೇರಿದಾಗ ಅಲ್ಲಿ ವಿದೇಶದ ಮಾರಾಟ ನೋಡಿಕೊಳ್ಳುತ್ತಿದ್ದವರು ಅವರು. ನಮ್ಮದು ಆಫೀಸುಗಳಲ್ಲಿ ಹಳೆಯ ಕಾಗದಪತ್ರ ಚೂರು ಮಾಡುವ ಯಂತ್ರ, ಶ್ರೆಡರ್. ಬ್ಲೇಡು ಒಂದು ಕಡೆಯಿಂದ, ಮೋಟರು ಇನ್ನೊಂದು ಕಡೆಯಿಂದ ಬಂದು ಇಲ್ಲಿ ಜೋಡಣೆಯಾಗಿ ಮಸ್ಕತ್ತು, ದೋಹಾ, ಮೊಂಬಾಸಾ ಎಂದು ಹಡಗು ಹತ್ತುತ್ತಿತ್ತು. ಕಾಗದ ಹರಿಯುವುದಕ್ಕೂ ಒಂದು ಮೆಷಿನ್ನಾ ಎಂದು ನಮ್ಮ ಉಮ್ಮ ಈಗಲೂ ಕೇಳುತ್ತಾಳೆ.

ಅಣ್ಣನಿಗೆ ಐದಾರು ಭಾಷೆ ಬರುತ್ತಿತ್ತು. ಮೊಂಬಾಸಾದ ಮುದುಕ ವ್ಯಾಪಾರಿಯ ಹತ್ತಿರ ಹಿಂದಿ, ದೋಹಾದವರ ಹತ್ತಿರ ಇಂಗ್ಲಿಷು, ಮಸ್ಕತ್ತಿನ ಮಲಯಾಳಿ ಮ್ಯಾನೇಜರನ ಹತ್ತಿರ ಅಪ್ಪಟ ಮಲಯಾಳ. ಬ್ಯಾರಿ ಮಾತಿಗೂ ಮಲಯಾಳಕ್ಕೂ ಹತ್ತಿರವಾದ್ದರಿಂದ ಆ ಫೋನುಗಳು ನನಗೂ ಅರ್ಥವಾಗುತ್ತಿದ್ದವು. ಮನೆಗೆ ಮಾತ್ರ ತುಳು.

ಮಲಯಾಳ ಅವರು ಕಲಿತದ್ದು ಮಸ್ಕತ್ತಿನಲ್ಲೇ. ಪ್ರಾಯದಲ್ಲಿ ಅಲ್ಲಿ ಆಫೀಸು ಸಾಮಾನಿನ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್ ಆಗಿದ್ದರು. ಒಮ್ಮೆ ದೊಡ್ಡ ಕಚೇರಿಯೊಂದಕ್ಕೆ ನಾಲ್ಕೈದು ಶ್ರೆಡರ್ ಮಾರಿದರಂತೆ. ಪೆಟ್ಟಿಗೆಯ ಮೇಲೆ ವಾಟ್ ದೊಡ್ಡದಾಗಿ ಬರೆದಿತ್ತು, ಇವರೂ ಅದನ್ನೇ ನಂಬಿ ಇದರಷ್ಟು ಬಲದ ಮೆಷಿನ್ ಪೇಟೆಯಲ್ಲಿಲ್ಲ ಎಂದು ಕೊಟ್ಟರು. ವಾರದೊಳಗೆ ಒಂದು ಹೊಗೆ ಬಿಟ್ಟು ಕೂತಿತು. ಆಮೇಲೆ ಇನ್ನೊಂದು, ಮತ್ತೊಂದು. ಕಂಪೆನಿಯವರು ಕೈತೊಳೆದುಕೊಂಡರು, ಅಂಗಡಿಯ ಯಜಮಾನ ಇವರನ್ನು ಊರಿಗೆ ಕಳಿಸಿದ. ಯಂತ್ರ ಮಾಡಿದವನ ತಪ್ಪಿಗೆ ಮಾರಿದವನ ಕುತ್ತಿಗೆ ಹೋಯಿತು. ಈ ಕಥೆಯನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆದರೆ ಹೊಸ ಮೋಟರಿನ ಡಬ್ಬ ಬಿಚ್ಚಿದಾಗೆಲ್ಲ ಮೊದಲು ಅದಕ್ಕೆ ಅಂಟಿಸಿದ ತಗಡಿನ ಪಟ್ಟಿಯ ಅಕ್ಷರ ಓದುತ್ತಿದ್ದವರೂ ಅವರೇ.

ನನಗೆ ಕಲಿಸಿದ ಮೊದಲ ಪಾಠವೂ ಅದೇ. ನೀನು ಎಂತ ಓದಿದ್ದಿ ಎಂದು ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಮಿಕ್ಸಿ ಎಷ್ಟು ವಾಟಿನದ್ದು ಎಂದು ಕೇಳಿದರು. ಏಳುನೂರೈವತ್ತು ಎಂದೆ. ಗ್ರೈಂಡರ್? ಗೊತ್ತಿಲ್ಲ ಎಂದೆ. ಮನೆಗೆ ಹೋಗಿ ನೋಡಿಕೊಂಡು ಬಾ ಎಂದರು. ಇದೆಂಥ ಆಫೀಸು ಮಾರಾಯ್ತಿ ಎಂದು ಬೈದುಕೊಳ್ಳುತ್ತ ಹೋಗಿ ಗ್ರೈಂಡರನ್ನು ವಾಲಿಸಿ ನೋಡಿದೆ. ನೂರೈವತ್ತು. ಮರುದಿನ ಹೇಳಿದಾಗ ಅವರ ಗಂಟಲಮಣಿ ಖುಷಿಯಲ್ಲಿ ಕುಣಿಯಿತು. ಏಳುನೂರೈವತ್ತರ ಮಿಕ್ಸಿಯಲ್ಲಿ ಒಂದು ಸೇರು ಉದ್ದು ರುಬ್ಬು ನೋಡುವ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ. ನೂರೈವತ್ತರ ಗ್ರೈಂಡರ್ ಒಂದು ಗಂಟೆ ತಿರುಗಿದರೂ ಅದಕ್ಕೆ ಎಂತದೂ ಇಲ್ಲ. ಹಾಗಾದರೆ ಬಲ ಯಾರದ್ದು ಎಂದು ಕೇಳಿದರು.

“ವಾಟ್ ಅಂದ್ರೆ ಎಷ್ಟು ತಿನ್ನುತ್ತದೆ ಅಂತ ತಂಗಿ. ಎಷ್ಟು ದುಡಿಯುತ್ತದೆ ಅಂತ ಅಲ್ಲ. ಅದನ್ನು ನಾವೇ ಕೇಳಿ ತಿಳ್ಕೊಳ್ಬೇಕು.”

ಅಲ್ಲಿಂದ ಶುರುವಾಯಿತು ನನ್ನ ವಿದ್ಯಾಭ್ಯಾಸ. ಪ್ಲಗ್ಗಿನಿಂದ ಎಳೆಯುವ ವಾಟ್ ಬೇರೆ, ಬ್ಲೇಡಿಗೆ ತಲುಪುವ ಬಲ ಬೇರೆ. ಕಾಗದ ಸಿಕ್ಕಿಹಾಕಿಕೊಂಡ ಕ್ಷಣದಲ್ಲಿ ಮೋಟರು ಒದ್ದಾಡಿ ಎಳೆಯುವ ವಾಟ್ ಇನ್ನೂ ಬೇರೆ. ಕೆಲವರು ಆ ಒದ್ದಾಟದ ಸಂಖ್ಯೆಯನ್ನೇ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಗಿರಾಕಿ ಸಂಖ್ಯೆ ನೋಡಿ ಮರುಳಾಗುತ್ತಾನೆ. ಆದರೆ ಕೇಳಬೇಕಾದ ಪ್ರಶ್ನೆ ಇನ್ನೊಂದುಂಟು: ಒಂದೇ ಸಮನೆ ಎಷ್ಟು ಹೊತ್ತು ಓಡುತ್ತದೆ, ಆಮೇಲೆ ತಣಿಯಲು ಎಷ್ಟು ಹೊತ್ತು ಬೇಕು? ಗಲ್ಫಿನ ಸೆಕೆ, ಅಲ್ಲಿಯ ದಪ್ಪ ಕಾಗದ, ಎ.ಸಿ. ಇಲ್ಲದ ಮೂಲೆಯ ಸ್ಟೋರ್ ರೂಮು, ಎಲ್ಲ ಸೇರಿದರೆ ನಮ್ಮ ಮಣಿಪಾಲದ ಲೆಕ್ಕ ಅಲ್ಲಿಗೆ ಹಿಡಿಯುವುದಿಲ್ಲ. ಹಾಗಾಗಿ ಗಿರಾಕಿ ವಾಟ್ ಕೇಳಿದರೆ ಅವರು ತಿರುಗಿ ಯಂತ್ರ ಎಲ್ಲಿ ಇಡುತ್ತೀರಿ, ಯಾರು ನಡೆಸುತ್ತಾರೆ ಎಂದೇ ಕೇಳುತ್ತಿದ್ದರು. ಹೆಣ್ಣು ಕೊಡುವವರ ಹಾಗೆ ವಿಚಾರಣೆ ಮಾಡುತ್ತೀರಿ ಎಂದು ನಾನು ತಮಾಷೆ ಮಾಡುತ್ತಿದ್ದೆ. ಕೊಟ್ಟ ಮೇಲೆ ವಾಪಸು ಬರಬಾರದಲ್ಲ ಎನ್ನುತ್ತಿದ್ದರು.

ನಮ್ಮ ಯಜಮಾನರಿಗೆ ಒಮ್ಮೆ ಆಸೆಯಾಯಿತು, ಬೇರೆಯವರ ಹಾಗೆ ನಾವೂ ಆ ದೊಡ್ಡ ಸಂಖ್ಯೆಯನ್ನೇ ಬರೆಯುವ ಎಂದು. ಎಲ್ಲರೂ ಬರೆಯುತ್ತಾರೆ, ಸುಳ್ಳೇನೂ ಅಲ್ಲವಲ್ಲ ಎಂದರು. ಅಣ್ಣ ಜಗಳಕ್ಕೆ ಹೋಗಲಿಲ್ಲ. ಒಂದು ಯಂತ್ರ ತರಿಸಿ ಮೇಜಿನ ಮೇಲಿಟ್ಟು, ಅದಕ್ಕೆ ಹೇಳಿದ್ದಕ್ಕಿಂತ ದುಪ್ಪಟ್ಟು ಕಾಗದ ತುರುಕಿದರು. ಯಂತ್ರ ಗೊರ್ರೆಂದು ನರಳಿ ನಿಂತಿತು. “ಈಗ ಎಳೆದದ್ದು ನೀವು ಹೇಳಿದ ದೊಡ್ಡ ಸಂಖ್ಯೆ. ಇದು ಅದರ ಬಲ ಅಲ್ಲ, ಅದರ ಸಂಕಟ” ಎಂದರು. ಯಜಮಾನರು ಕೆಟ್ಟವರಲ್ಲ, ಆ ಆಸೆ ಬಿಟ್ಟರು. ಆಮೇಲೆ ಒಂದಷ್ಟು ಆರ್ಡರು ಕೈತಪ್ಪಿದವು, ಅದನ್ನೂ ಅಣ್ಣನಿಗೆ ಕೇಳುವಂತೆ ಆಗಾಗ ಹೇಳುತ್ತಿದ್ದರು. ಅಣ್ಣ ಕಿವಿ ಕೇಳದವರ ಹಾಗೆ ಕಿಟಕಿಯ ಕಡೆ ನಡೆಯುತ್ತಿದ್ದರು.

ಅವರ ಕಿವಿ ಮಾತ್ರ ಬಹಳ ಸೂಕ್ಷ್ಮ. ಯಾರಾದರೂ ದೂರು ಹೇಳಿ ಫೋನ್ ಮಾಡಿದರೆ, ಯಂತ್ರದ ಹತ್ತಿರ ಫೋನ್ ಹಿಡಿದು ಓಡಿಸಿ ಎನ್ನುತ್ತಿದ್ದರು. ಕಣ್ಣುಮುಚ್ಚಿ ಕೇಳಿ, ಗೇರಿಗೆ ಚೂರು ಹೊಕ್ಕಿದೆ, ವೋಲ್ಟೇಜ್ ಕಡಿಮೆ ಉಂಟು ಎಂದು ಹೇಳುತ್ತಿದ್ದರು. ಸಮುದ್ರದಾಚೆಯ ಮೋಟರಿನ ದನಿ ಒಡೆದದ್ದು ಇಲ್ಲಿ ಕುಳಿತು ಗೊತ್ತಾಗುತ್ತಿದ್ದ ಮನುಷ್ಯನಿಗೆ ತನ್ನ ಗಂಟಲು ಒಡೆದದ್ದು ಗೊತ್ತಾಗಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟೇ ಬರುತ್ತದೆ.

ಅತ್ತಿಗೆಯ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಅಣ್ಣನ ಹೆಂಡತಿಯನ್ನು ನಾನು ಕರೆಯುತ್ತಿದ್ದದ್ದೇ ಅತ್ತಿಗೆ ಎಂದು. ಮಕ್ಕಳಿಲ್ಲದ ಮನೆ. ಅಣ್ಣ ಮಸ್ಕತ್ತಿನಿಂದ ಬರಿಗೈಯಲ್ಲಿ ಬಂದು ಕುಳಿತಾಗ ಅತ್ತಿಗೆ ಒಂದು ಗ್ರೈಂಡರ್ ಇಟ್ಟುಕೊಂಡು ಹಿಟ್ಟು ರುಬ್ಬಿ ಕಾಪು ಪೇಟೆಯ ಹೋಟೆಲುಗಳಿಗೆ ಕೊಡಲು ಶುರುಮಾಡಿದರಂತೆ. ಅಣ್ಣನಿಗೆ ಮಣಿಪಾಲದ ಕೆಲಸ ಸಿಕ್ಕಿದ ಮೇಲೂ ನಿಲ್ಲಿಸಲಿಲ್ಲ. ಅಣ್ಣನ ಗ್ರೈಂಡರ್ ಪಾಠದ ಮೂಲ ಅವರ ಅಡುಗೆಮನೆ ಎಂದು ನನಗೆ ಗೊತ್ತಾದದ್ದು ಮೊದಲ ಸಲ ಅವರಲ್ಲಿಗೆ ಊಟಕ್ಕೆ ಹೋದಾಗ. ಅದು ಮೂಲೆಯಲ್ಲಿ ತನ್ನಷ್ಟಕ್ಕೆ ತಿರುಗುತ್ತಿತ್ತು, ಅತ್ತಿಗೆ ಅದರ ಕಡೆ ನೋಡದೆ ಕೈ ಹಾಕಿ ಹಿಟ್ಟು ಮಗುಚುತ್ತಿದ್ದರು.

ಆ ದಿನ ಕೈ ತೊಳೆಯಲು ಹಿಂದುಗಡೆ ಹೋದಾಗ ಅತ್ತಿಗೆ ಮೆಲ್ಲ ಕೇಳಿದರು: “ಆಫೀಸಿನಲ್ಲಿ ಅವರು ತುಂಬ ಮಾತಾಡ್ತಾರಂತೆ, ಹೌದಾ? ಎಂತ ಮಾತಾಡ್ತಾರೆ?”

ನಾನು ತಮಾಷೆ ಎಂದುಕೊಂಡು, ಬಾಯಿ ಮುಚ್ಚಿದ್ದು ನಾವು ನೋಡಿಲ್ಲ ಎಂದೆ. ಅವರು ನಗಲಿಲ್ಲ. ಅಣ್ಣ ಮನೆಗೆ ಬಂದರೆ ಶರ್ಟು ತೆಗೆದು ಮೊಳೆಗೆ ಹಾಕಿ, ಊಟ ಉಂಟಾ ಎಂದು ಕೇಳಿ, ಉಂಡು ಮಲಗುವವರು. ಅದು ಜಗಳವೂ ಅಲ್ಲ, ತಾತ್ಸಾರವೂ ಅಲ್ಲ. ದಿನವಿಡೀ ಮಾತಾಡಿ ದಣಿದವರು ಮನೆಯಲ್ಲಿ ಬಾಯಿಗೆ ವಿಶ್ರಾಂತಿ ಕೊಡುತ್ತಿದ್ದರು, ಅಷ್ಟೆ. ನಮ್ಮ ಕಡೆ ಗಂಡಸರು ಹೆಂಡತಿಯ ಹತ್ತಿರ ಕುಳಿತು ಹರಟುವುದು ಕಂಡರೆ ಜನ ನಗುವುದೂ ಉಂಟು. ಆದರೂ ಅತ್ತಿಗೆ ಕೇಳಿದ ಧಾಟಿ ನನ್ನ ಮನಸ್ಸಿನಿಂದ ಹೋಗಲಿಲ್ಲ. ಆಮೇಲೆ ಸಿಕ್ಕಿದಾಗೆಲ್ಲ ಅಣ್ಣ ಯಾರ ಹತ್ತಿರ ಏನು ಹೇಳಿದರು, ಹೇಗೆ ನಗಿಸಿದರು ಎಂದು ಅವರಿಗೆ ಹೇಳುತ್ತಿದ್ದೆ. ಅವರು ಕೆಲಸ ಬಿಟ್ಟು ಕೇಳುತ್ತಿದ್ದರು. ಸ್ವಂತ ಗಂಡನ ಮಾತನ್ನು ಪರರ ಬಾಯಲ್ಲಿ ಕೇಳುವುದು ಎಂಥ ಕರ್ಮ ಎಂದು ನನಗೇ ಸಂಕಟವಾಗುತ್ತಿತ್ತು.

ಅಣ್ಣನ ದನಿ ಬಿದ್ದದ್ದು ಸ್ವಲ್ಪ ಸ್ವಲ್ಪವಾಗಿ. ಕಾಗದದ ಧೂಳು ಎಂದು ನಾವು ಹೇಳಿದೆವು, ಎ.ಸಿ.ಯ ಗಾಳಿ ಎಂದು ಅವರು ಹೇಳಿದರು. ಜ್ಯೇಷ್ಠಮಧುವಿನ ಕಡ್ಡಿ ಜಗಿದರು, ಶುಂಠಿ ಕಷಾಯ ಕುಡಿದರು. ಸ್ವಲ್ಪ ದಿನ ಮಾತು ಕಡಿಮೆ ಮಾಡಿ ಎಂದು ಔಷಧದಂಗಡಿಯವರು ಹೇಳಿದ್ದನ್ನು ನಮಗೆ ವಿವರಿಸಲು ಅರ್ಧ ಗಂಟೆ ತೆಗೆದುಕೊಂಡರು. ಕೊನೆಗೆ ನಾನೇ ಬೈದು, ಅಲ್ಲೇ ಗುಡ್ಡದ ಮೇಲಿದ್ದ ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅತ್ತಿಗೆಯೂ ಜೊತೆಗೆ ಹೋದರು. ಗಂಟಲಲ್ಲಿ ಗಡ್ಡೆ, ಕೆಟ್ಟದ್ದು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ಡಾಕ್ಟರು. ಜೀವ ಉಳಿದೀತು, ಮಾತು ಉಳಿಯುವುದಿಲ್ಲ. ಅಣ್ಣ ಮರುದಿನ ಆಫೀಸಿಗೆ ಬಂದು ಅದನ್ನು ಎಲ್ಲರಿಗೂ ಶಾಂತವಾಗಿಯೇ ಹೇಳಿದರು. ನಾನು ಶೌಚಾಲಯಕ್ಕೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಸ್ಪತ್ರೆಗೆ ಸೇರುವ ಮುಂಚಿನ ದಿನಕ್ಕೆ ಅತ್ತಿಗೆ ನನ್ನನ್ನು ಕರೆದರು. “ನಾಳೆ ಒಂದು ದಿನ ಅವರು ಮನೆಯಲ್ಲಿರ್ತಾರೆ. ನನಗೆ ಅವರ ಹತ್ತಿರ ಸ್ವಲ್ಪ ಮಾತಾಡ್ಲಿಕ್ಕೆ ಉಂಟು. ಅವರು ಮಾತಾಡುವುದನ್ನು ನನಗೆ ಕೇಳ್ಬೇಕು. ಜನ ಬರ್ತಾರೆ, ನನಗೆ ಯಾರಿಗೂ ಹೋಗಿ ಅಂತ ಹೇಳ್ಲಿಕ್ಕೆ ಬರುವುದಿಲ್ಲ. ನೀನು ಬಾ, ನಿನಗೆ ಬಾಯಿ ಉಂಟಲ್ಲ” ಎಂದರು. ಇಷ್ಟು ಉದ್ದದ ಮಾತನ್ನು ಅವರಿಂದ ನಾನು ಕೇಳಿದ್ದು ಅದೇ ಮೊದಲು. ಅಲ್ಲಿಯವರೆಗೆ ನನ್ನ ಬಾಯಿಯನ್ನು ಎಲ್ಲರೂ ಬೈದದ್ದೇ. ಮೊದಲ ಬಾರಿಗೆ ಒಬ್ಬರು ಅದನ್ನು ಕೆಲಸಕ್ಕೆ ಕರೆದಿದ್ದರು.

ಹೋಗಿ ನೋಡಿದರೆ ಅಂಗಳದಲ್ಲಿ ಆಗಲೇ ಚಪ್ಪಲಿಗಳ ರಾಶಿ. ಕಾಯಿಲೆಯವರನ್ನು ನೋಡಲು ಹೋಗುವುದಕ್ಕೆ ನಾವು ಹೇಳುವುದೇ ಮಾತಾಡಿಸಿಕೊಂಡು ಬರುವುದು ಎಂದು. ಆಪರೇಷನ್ನಿಗೆ ಹೋಗುವವರನ್ನು ಒಮ್ಮೆ ಮಾತಾಡಿಸಿ ಬರದಿದ್ದರೆ ನಾಳೆ ಮುಖ ತೋರಿಸುವುದು ಹೇಗೆ? ಅದರಲ್ಲೂ ಈ ದನಿ ನಾಳೆಯಿಂದ ಇಲ್ಲ ಎಂಬ ಸುದ್ದಿ ಕಾಪುವಿನಿಂದ ಹೆಜಮಾಡಿಯವರೆಗೆ ಹೋಗಿತ್ತು. ಬಾಳೆಹಣ್ಣು ತಂದವರು, ಎಳನೀರು ತಂದವರು, ಬರಿ ಕಣ್ಣೀರು ತಂದವರು. ಪ್ರೀತಿ ಇಲ್ಲದೆ ಬಂದವರು ಒಬ್ಬರೂ ಇಲ್ಲ. ಒಬ್ಬೊಬ್ಬರೂ ಹೇಗಾಯಿತು, ಯಾವಾಗ ಗೊತ್ತಾಯಿತು ಎಂದು ಮೊದಲಿನಿಂದ ಕೇಳುವುದು, ಅಣ್ಣ ಒಡೆದ ದನಿಯಲ್ಲಿ ಮೊದಲಿನಿಂದ ಹೇಳುವುದು. ಎಂತ ಇಲ್ಲ ಮಾರಾಯ್ರೆ, ಹುಷಾರಾಗ್ತದೆ ಎಂದು ಬಂದವರಿಗೆ ಇವರೇ ಸಮಾಧಾನ ಹೇಳುವುದು. ಅತ್ತಿಗೆ ಒಳಗೆ ಒಲೆಯ ಮುಂದೆ. ಬಂದವರಿಗೆ ಚಾ ಕೊಡದೆ ಕಳಿಸುವ ಮನೆಯಲ್ಲ ಅದು. ಚಾ ತಂದಿಟ್ಟು, ಅಣ್ಣನ ಮುಖ ಒಮ್ಮೆ ನೋಡಿ, ಮತ್ತೆ ಒಳಗೆ ಹೋಗುತ್ತಿದ್ದರು.

ನಾನು ನನ್ನಿಂದಾದದ್ದನ್ನು ಮಾಡಿದೆ. ಡಾಕ್ಟರು ಮಾತಾಡಬಾರದು ಎಂದಿದ್ದಾರೆ ಎಂದು ಸುಳ್ಳು ಹೇಳಿದೆ, ಬಸ್ಸು ತಪ್ಪುತ್ತದೆ ಎಂದು ನೆನಪಿಸಿದೆ, ಕುಳಿತವರ ಕೈಯಿಂದ ಅರ್ಧ ಕುಡಿದ ಚಾದ ಲೋಟ ತೆಗೆದುಕೊಂಡೆ. ಇದು ಯಾವ ಊರಿನ ಮಾರಿ ಎಂದು ಒಬ್ಬ ಮುದುಕಿ ತುಳುವಿನಲ್ಲಿ ಕೇಳಿದ್ದು ಕೇಳಿಸಿತು. ಬೆಳ್ಮಣ್ಣಿನದ್ದು ಎಂದೆ, ತುಳುವಿನಲ್ಲೇ. ಅಣ್ಣನಿಗೆ ಅದನ್ನು ಕೇಳಿ ನಗು ತಡೆಯಲಾಗದೆ ಕೆಮ್ಮು ಬಂತು.

ಸಂಜೆಯ ಹೊತ್ತಿಗೆ ಮನೆ ಖಾಲಿಯಾಯಿತು. ಅತ್ತಿಗೆ ಮುಖ ತೊಳೆದು, ಬೇರೆ ಸೀರೆ ಉಟ್ಟು ಚಾವಡಿಗೆ ಬಂದರು. ಕೂದಲು ಬಾಚಿ ಹೂ ಮುಡಿದಿದ್ದರು. ನನಗೆ ನೋಡಲಾಗಲಿಲ್ಲ, ಚೀಲ ಹುಡುಕುವ ನೆಪದಲ್ಲಿ ತಿರುಗಿದೆ. ನಾನು ಬರುತ್ತೇನೆ ಎಂದು ಹೊರಡುವಷ್ಟರಲ್ಲಿ ಅಣ್ಣನ ಫೋನ್ ರಿಂಗಾಯಿತು. ಮಸ್ಕತ್ತು.

ಕೊಡಿ, ನಾನು ಮಾತಾಡುತ್ತೇನೆ ಎಂದು ಕೈ ಚಾಚಿದೆ. ಅಣ್ಣ ಆಗಲೇ ಎದ್ದು ನಿಂತಿದ್ದರು. ಆ ಕಡೆ ಆ ಮಲಯಾಳಿ ಮ್ಯಾನೇಜರು. ಅವನಿಗೆ ಆಪರೇಷನ್ನಿನ ಸುದ್ದಿ ಗೊತ್ತಿರಲಿಲ್ಲ. ಸ್ಪೀಕರಿನಲ್ಲಿ ಅವನ ಗಾಬರಿ ಕೇಳಿಸುತ್ತಿತ್ತು. ನಮ್ಮ ಯಂತ್ರ ಹಾಕಿದ ಕಚೇರಿಯಲ್ಲಿ ಹಳೆಯ ಕಡತಗಳನ್ನು ಚೂರು ಮಾಡುತ್ತಿದ್ದರಂತೆ, ಯಂತ್ರ ಮತ್ತೆ ಮತ್ತೆ ನಿಲ್ಲುತ್ತದಂತೆ. ಇನ್ನೊಂದು ಕಂಪೆನಿಯವರು ಬಂದು, ನಿಮ್ಮದರಲ್ಲಿ ಬರೆದದ್ದು ಇನ್ನೂರು ವಾಟ್, ನಮ್ಮದು ನಾನೂರೈವತ್ತು, ನಿಮ್ಮವ ಮೋಸ ಮಾಡಿದ್ದಾನೆ ಎಂದರಂತೆ. ಇವತ್ತೇ ಉತ್ತರ ಕೊಡದಿದ್ದರೆ ಯಜಮಾನ ತನ್ನನ್ನು ಊರಿಗೆ ಕಳಿಸುತ್ತಾನೆ ಎಂದ. ಆ ಮಾತು ಕೇಳಿ ಅಣ್ಣ ಅತ್ತಿಗೆಯ ಕಡೆ ನೋಡಿದರು. ಅದೇ ಊರು, ಅದೇ ಯಂತ್ರ, ಅದೇ ಮಾತು.

“ಮಾತಾಡ್ಲಿ ಬಿಡು” ಎಂದರು ಅತ್ತಿಗೆ, ನನಗೆ. “ನಾನು ಕೂತು ಕೇಳ್ತೇನೆ.” ಬೆಂಚಿನ ತುದಿಯಲ್ಲಿ ಕುಳಿತು ಸೆರಗು ಸರಿಮಾಡಿಕೊಂಡರು.

ಅಣ್ಣ ಮಾತಾಡಿದರು. ಆ ಗಂಟಲಿನಲ್ಲಿ ಅಷ್ಟು ಮಾತು ಎಲ್ಲಿ ಉಳಿದಿತ್ತೋ. ಒಂದು ಸಲಕ್ಕೆ ಎಷ್ಟು ಹಾಳೆ ಹಾಕುತ್ತಾರೆ ಎಂದು ಕೇಳಿದರು. ಹೇಳಿದ್ದಕ್ಕಿಂತ ದುಪ್ಪಟ್ಟು, ಪಿನ್ನು ಸಮೇತ ತುರುಕುತ್ತಿದ್ದಾರೆಂದು ಗೊತ್ತಾಯಿತು. ಯಂತ್ರ ನಿಲ್ಲುವುದು ಸೋತು ಅಲ್ಲ, ಸುಟ್ಟುಹೋಗದಿರಲು ಎಂದರು. ಇನ್ನೊಬ್ಬರ ನಾನೂರೈವತ್ತು ಸಿಕ್ಕಿಹಾಕಿಕೊಂಡಾಗ ಎಳೆಯುವ ಲೆಕ್ಕ, ನಮ್ಮ ಇನ್ನೂರು ಓಡುವಾಗಿನ ಲೆಕ್ಕ. ಎರಡನ್ನೂ ಪಕ್ಕದಲ್ಲಿಟ್ಟು ಸರಿಯಾದಷ್ಟೇ ಹಾಳೆ ಹಾಕಿ ಓಡಿಸು, ಯಾವುದು ಮೊದಲು ನಿಲ್ಲುತ್ತದೆ ಎಂದು ನಿನ್ನ ಯಜಮಾನನಿಗೇ ತೋರಿಸು ಎಂದರು. ಅವನಿಗೆ ಇನ್ನೂ ಧೈರ್ಯ ಬರಲಿಲ್ಲ. ಆಗ ಅಣ್ಣ ಮಿಕ್ಸಿ ಮತ್ತು ಗ್ರೈಂಡರಿನ ಪಾಠಕ್ಕೆ ಬಂದರು. ಗ್ರೈಂಡರ್ ಎಂಬ ಶಬ್ದ ಬಂದಾಗ ಅತ್ತಿಗೆ ನನ್ನ ಕಡೆ ನೋಡಿ ಸಣ್ಣಗೆ ನಕ್ಕರು, ಅಷ್ಟು ಅವರಿಗೂ ಗೊತ್ತಾಗಿತ್ತು. ಉಳಿದದ್ದು ಅವರಿಗೆ ಬಾರದ, ಓಡುವ ಮಲಯಾಳ.

ನಡೆಯುತ್ತಿದ್ದ ಅಣ್ಣ ಅಲ್ಲಿ ನಿಂತರು. ಅತ್ತಿಗೆಗೆ ಬೆನ್ನು ಹಾಕಿ, ಹೊರಗೆ ನೋಡುತ್ತ ಅವರು ಹೇಳಿದ್ದನ್ನು ನಾನು ಮರೆತಿಲ್ಲ.

“ನನ್ನ ಮನೆಯಲ್ಲಿ ಒಂದು ನೂರೈವತ್ತು ವಾಟಿನದ್ದು ಉಂಟು. ನಾನು ನಿಮ್ಮ ಮಸ್ಕತ್ತಿನಿಂದ ಬರಿಗೈಯಲ್ಲಿ ಬಂದಾಗ ಈ ಮನೆ ನಿಂತದ್ದು ಅದರ ಮೇಲೆ. ಅದರ ಹಿಂದೆ ನನ್ನ ಹೆಂಡತಿ. ಶಬ್ದ ಎಲ್ಲ ನನ್ನದು, ಮಿಕ್ಸಿಯ ಹಾಗೆ. ದುಡಿದದ್ದು ಅವಳು. ಬಂದ ದಿನದಿಂದ ಇವತ್ತಿನವರೆಗೆ ಅವಳು ಒಂದು ಮಾತು ಹಂಗಿಸಲಿಲ್ಲ. ನಾಳೆಯಿಂದ ನನ್ನ ಶಬ್ದ ಇರುವುದಿಲ್ಲ. ಅವಳು ಇರ್ತಾಳೆ ಎನ್ನುವ ಧೈರ್ಯದಲ್ಲಿ ಹೋಗ್ತಿದ್ದೇನೆ.”

ಆ ಕಡೆಯವನಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಏನಾಯಿತು ಎಂದು ಕೇಳಿದ. ಅಣ್ಣ ಹೇಳಿದರು. ಅವನು ಅಳುತ್ತಿದ್ದ ಹಾಗೆ ಕೇಳಿಸಿತು. ಯಂತ್ರ ತೋರಿಸು, ಹೆದರಬೇಡ ಎಂದು ಹೇಳಿ ಅಣ್ಣ ಫೋನ್ ಇಟ್ಟರು. ದನಿ ಅಷ್ಟರಲ್ಲಿ ಬರಿ ಉಸಿರಾಗಿತ್ತು.

“ಎಂತ ಅಷ್ಟು ಹೊತ್ತು?” ಎಂದು ಕೇಳಿದರು ಅತ್ತಿಗೆ. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ, ಕೇಳುವ ಆಸೆ ಇತ್ತು.

ಅಣ್ಣ ನನ್ನ ಮುಖ ನೋಡಿದರು. ನನಗೆ ಮಲಯಾಳ ಅರ್ಥವಾಗುತ್ತದೆಂದು ಅವರಿಗೆ ಗೊತ್ತು. ನಾಚಿಕೆಯಲ್ಲಿ ಕಿವಿ ಕೆಂಪಾಗಿತ್ತು, ಆ ವಯಸ್ಸಿನಲ್ಲಿ.

“ಎಂತ ಇಲ್ಲ. ಮೋಟರಿನ ವಿಷಯ.”

ಅದು ಅವರ ಅವರ ನಡುವಿನ ಮಾತು. ನಾನು ಬಾಯಿ ಹಾಕುವಂಥದ್ದಲ್ಲ. ಇಷ್ಟು ಬಾಯಿಗೆ ಬಂದದ್ದು ನಾನು ಹೋದ ಮೇಲೆ ತುಳುವಿನಲ್ಲೂ ಬರುತ್ತದೆ ಎಂದುಕೊಂಡು ಬಸ್ಸು ಹಿಡಿದೆ. ದಾರಿಯುದ್ದಕ್ಕೂ ನನಗೆ ಖುಷಿಯೇ ಆಗಿತ್ತು.

ಆಪರೇಷನ್ ಆಯಿತು. ಕುತ್ತಿಗೆಯ ಬುಡದಲ್ಲಿ ಉಸಿರಿಗೆ ಒಂದು ತೂತು, ಅದರ ಮೇಲೆ ಬಿಳಿ ಬಟ್ಟೆ. ಅಣ್ಣ ಗುಣವಾಗಿ ಆಫೀಸಿಗೂ ಬಂದರು. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತು ಹೊರಡಿಸುವ ಒಂದು ಸಣ್ಣ ಯಂತ್ರವನ್ನು ಆಸ್ಪತ್ರೆಯಲ್ಲಿ ತೋರಿಸಿದ್ದರು. ಒಮ್ಮೆ ಹಿಡಿದು ಅತ್ತಿಗೆಯ ಹೆಸರು ಕರೆದರಂತೆ. ಆ ದನಿಗೆ ಅತ್ತಿಗೆ ಬೆಚ್ಚಿಬಿದ್ದದ್ದು ನೋಡಿ ಅದನ್ನು ಕಪಾಟಿನ ಒಳಗಿಟ್ಟವರು ಮತ್ತೆ ಮುಟ್ಟಲಿಲ್ಲ. ಬೇಕಾದದ್ದನ್ನು ಮೊಬೈಲಿನಲ್ಲಿ ಬರೆದು ತೋರಿಸುತ್ತಿದ್ದರು. ಮೀನು ಬೇಡ. ಬಿಸಿನೀರು. ಫ್ಯಾನ್ ಹಾಕು. ಬರೆಯಲು ಕೈ ಇತ್ತಲ್ಲ, ಫೋನಿನಲ್ಲಿ ಆಡಿದ ಆ ಮಾತನ್ನೂ ಬರೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಗಂಡಸರನ್ನು ನೀವು ನೋಡಿಲ್ಲ.

ಆಫೀಸಿನಲ್ಲಿ ಫೋನು ಈಗ ನನ್ನದು. ನಾನು ಸ್ಪೀಕರಿನಲ್ಲಿ ಮಾತಾಡುವಾಗ ಅವರು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದರು. ಸರಿಯಾಗಿ ಹೇಳಿದರೆ ತಲೆ ಆಡಿಸುವರು, ತಪ್ಪಿದರೆ ಮೇಜು ಕುಟ್ಟುವರು. ಮೊಂಬಾಸಾದ ಮುದುಕ ವ್ಯಾಪಾರಿ, ಅಣ್ಣ ಇದ್ದಾರಾ, ಮೇಜು ಕುಟ್ಟಲು ಹೇಳು ಎನ್ನುತ್ತಿದ್ದ. ಕುಟ್ಟಿದ ಸದ್ದು ಕೇಳಿದ ಮೇಲೆಯೇ ವ್ಯಾಪಾರದ ಮಾತು. ಯಂತ್ರ ಎಲ್ಲಿ ಇಡುತ್ತೀರಿ, ಎಷ್ಟು ಹೊತ್ತು ಓಡಿಸುತ್ತೀರಿ, ಸಿಕ್ಕಿಹಾಕಿಕೊಂಡಾಗಿನ ವಾಟನ್ನು ಯಾಕೆ ನಂಬಬಾರದು, ಇವತ್ತು ನಾನು ಹೊಟ್ಟೆಗೆ ತಿನ್ನುವುದು ಆ ವಿದ್ಯೆಯಿಂದ. ಕಾಲೇಜಿನವರು ಕೊಟ್ಟದ್ದು ಒಂದು ಕಾಗದ, ಅದನ್ನು ಬೇಕಾದರೆ ನಮ್ಮ ಯಂತ್ರಕ್ಕೇ ಹಾಕಬಹುದು.

ಮರುವರ್ಷ ರೋಗ ಶ್ವಾಸಕೋಶಕ್ಕೆ ಇಳಿಯಿತು. ಈ ಬಾರಿ ಡಾಕ್ಟರು ತೆಗೆಯುವ ಮಾತೇ ಆಡಲಿಲ್ಲ. ಕೊನೆಯ ದಿನಗಳಲ್ಲಿ ನೋಡಲು ಹೋದಾಗ ಅಣ್ಣ ನನ್ನ ಕೈ ಹಿಡಿದು ತುಟಿ ಆಡಿಸಿದರು. ಏನು ಹೇಳಿದರೋ ನನಗೆ ತಿಳಿಯಲಿಲ್ಲ. ಹೂಂ ಅಣ್ಣ ಎಂದೆ. ಅವರು ಹೋದದ್ದು ಒಂದು ಮಧ್ಯಾಹ್ನ, ಅತ್ತಿಗೆ ಗಂಜಿಯ ಬಟ್ಟಲು ಹಿಡಿದು ಹತ್ತಿರ ಕುಳಿತಿದ್ದಾಗ.

ಉತ್ತರಕ್ರಿಯೆ ಮುಗಿದು ಕೆಲವು ದಿನಕ್ಕೆ ಮಸ್ಕತ್ತಿನ ಮ್ಯಾನೇಜರು ಫೋನ್ ಮಾಡಿದ. ಅವನ ಕೆಲಸ ಉಳಿದಿತ್ತು. ಆ ದಿನ ಅಣ್ಣ ಹೇಳಿದ ಹಾಗೆ ಎರಡೂ ಯಂತ್ರ ಪಕ್ಕದಲ್ಲಿಟ್ಟು ತೋರಿಸಿದ್ದನಂತೆ. ಆಮೇಲೆ ಗ್ರೈಂಡರಿನ ಚೇಚಿ ಹೇಗಿದ್ದಾರೆ ಎಂದು ಕೇಳಿದ. ಚೇಚಿ ಎಂದರೆ ಅಕ್ಕ. ಅವರಿಗೆ ನನ್ನ ನಮಸ್ಕಾರ ಹೇಳಿ, ಆ ಮಾತನ್ನು ನನ್ನ ಹೆಂಡತಿಗೂ ಹೇಳಿದ್ದೇನೆ ಎಂದ. ಕಡಲಾಚೆ ಒಬ್ಬ, ಅವನ ಹೆಂಡತಿ, ಇಬ್ಬರಿಗೆ ಅತ್ತಿಗೆ ಯಾರೆಂದು ಗೊತ್ತಿತ್ತು. ಅತ್ತಿಗೆಗೇ ಗೊತ್ತುಂಟಾ ಎಂಬ ಸಂಶಯ ಹತ್ತಿ ನಾನು ಆ ಭಾನುವಾರವೇ ಕಾಪುವಿಗೆ ಹೋದೆ.

ಅತ್ತಿಗೆ ಹಿಂದಿನ ಜಗಲಿಯಲ್ಲಿ ಬಸಳೆ ಹೆಚ್ಚುತ್ತಿದ್ದರು. ಕೂತುಕೋ ಎಂದು ಮಣೆ ಸರಿಸಿದರು. ಅಳುವೆಲ್ಲ ಮುಗಿದ ಮುಖ. ನಾನು ಮಾತು ಹೇಗೆ ಎತ್ತುವುದೆಂದು ನೋಡುತ್ತಿದ್ದಾಗ ಅವರೇ ಶುರುಮಾಡಿದರು. ಆಸ್ಪತ್ರೆಗೆ ಹೋಗುವ ಮೊದಲಿನ ಆ ಸಂಜೆ ನಾನು ಬಸ್ಸಿಗೆ ಹೋದ ಕೂಡಲೇ ಅಣ್ಣನ ತಂಗಿಯ ಮನೆಯವರು ಹೆಜಮಾಡಿಯಿಂದ ಬಂದರಂತೆ, ಮಾತಾಡಿಸಲು. ಊಟ ಬಡಿಸಿ, ಹಾಸಿಗೆ ಹಾಸಿ, ಒಳಗೆ ಬರುವಾಗ ಅಣ್ಣನಿಗೆ ನಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಬೆಳಿಗ್ಗೆ ಕಾರು ಬಂತು.

“ನನ್ನ ಹತ್ತಿರ ಕೊನೆಗೆ ಹೇಳಿದ್ದು ಮೋಟರಿನ ವಿಷಯ ಅಂತ” ಎಂದರು. “ಅಷ್ಟೇ ನನ್ನ ಪಾಲಿಗೆ.”

ನಾನು ಹೇಳಿದೆ. ಆ ಸಂಜೆ ಅಣ್ಣ ಫೋನಿನಲ್ಲಿ ಆಡಿದ ಒಂದೊಂದು ಮಾತನ್ನೂ ತುಳುವಿನಲ್ಲಿ ಹೇಳಿದೆ. ಈ ಮನೆ ನಿಂತದ್ದು ಯಾವುದರ ಮೇಲೆ, ಶಬ್ದ ಯಾರದ್ದು, ದುಡಿದದ್ದು ಯಾರು, ಯಾರಿದ್ದಾರೆಂಬ ಧೈರ್ಯದಲ್ಲಿ ಅವರು ಹೋದರು. ಮಸ್ಕತ್ತಿನವನ ನಮಸ್ಕಾರವನ್ನೂ ಹೇಳಿದೆ. ಒಂದೂ ಬಿಡದೆ ಪೂರ್ತಿ ಹೇಳಿದೆ.

ಅತ್ತಿಗೆಯ ಕೈ ಬಸಳೆಯ ಮೇಲೆ ನಿಂತಿತ್ತು. ಮಲಯಾಳದಲ್ಲಿ ಹೇಳಿದ್ದಾ ಎಂದು ಕೇಳಿದರು. ಹೌದು ಎಂದೆ. ನಾನು ಅಲ್ಲೇ ಇದ್ದೆನಲ್ಲ, ಬೆಂಚಿನಲ್ಲಿ ಎಂದರು. ಇದ್ದಿರಿ ಎಂದೆ. ಹೂ ಮುಡಿದಿದ್ದೆ ಎಂದರು. ಹೌದು ಎಂದೆ.

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿ ಗಲ್ಲದ ಮೇಲೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಅವರಿಗೆ ತುಳು ಬರ್ತಿತ್ತಲ್ಲ ತಂಗಿ” ಎಂದರು.